ಉಪಗ್ರಹ ದೂರದರ್ಶನ: ಚಿತ್ರ ನಿಂತಾಗ ನೋಡಬೇಕಾದುದೇನು?

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸುತ್ತಿರುವ ಈ ಸುಸಂದರ್ಭದಲ್ಲಿ ಹೊರತರುವ ಸ್ಮರಣ ಸಂಚಿಕೆಗೆ ವಿಜ್ಞಾನ ವಿಷಯಕವಾದ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದರು. ಪರಮಾಣುವಿನ ಗರ್ಭವನ್ನೋ ನಕ್ಷತ್ರಗಳ ಜನನವನ್ನೋ ಕುರಿತು ಬರೆಯಬಹುದಿತ್ತು. ಆದರೆ ನಮ್ಮಲ್ಲಿ ಹೆಚ್ಚಿನವರ ಮನೆಯ ಮಾಡಿನ ಮೇಲೋ ತಾರಸಿಯ ಅಂಚಿನಲ್ಲೋ ಕುಳಿತಿರುವ, ಆದರೆ ನಾವು ತಲೆಯೆತ್ತಿ ನೋಡದಿರುವ ಒಂದು ಉಪಕರಣವನ್ನು ಕುರಿತು ಬರೆಯುವುದೇ ಹೆಚ್ಚು ಉಪಯುಕ್ತವೆಂದು ತೋರಿತು. ಅದುವೇ ಡಿಷ್ ಆಂಟೆನಾ.

ಗಡಿನಾಡಿನ ಕನ್ನಡ ಮನೆಗಳಿಗೆ ದೂರದರ್ಶನವು ಬರಿಯ ಮನರಂಜನೆಯ ಸಾಧನವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿದ ಬಳಿಕ ಕಚೇರಿಯ ಕಾಗದ, ಬಸ್ಸಿನ ನಾಮಫಲಕ, ಅಂಗಡಿಯ ವ್ಯವಹಾರ ಕ್ರಮೇಣ ಮಲಯಾಳಕ್ಕೆ ತಿರುಗಿದುದು ಎಲ್ಲರಿಗೂ ತಿಳಿದ ಸಂಗತಿ. ಮನೆಯೊಳಗೆ ನಾವು ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಮರಾಟಿಯನ್ನೋ ಆಡುತ್ತೇವೆ. ಹೀಗಿರುವಾಗ ಗ್ರಂಥಸ್ಥ ಕನ್ನಡವು ಮಗುವಿನ ಕಿವಿಗೆ ಬೀಳುವ ಸ್ಥಳಗಳು ಎರಡೇ: ಒಂದು ಶಾಲೆ, ಇನ್ನೊಂದು ವಾರ್ತೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ದೂರದರ್ಶನವೇ ತರಗತಿಯಾದುದನ್ನು ಪೋಷಕರು ಮರೆತಿರಲಾರರು. ಜೂನ್ ತಿಂಗಳ ಮಳೆಗೆ ಚಿತ್ರ ನಿಂತರೆ, ರಿಪೇರಿಯವನು ಬಾರದೆ, ಬಂದರೂ ಜಾರುವ ಮಾಡನ್ನು ಹತ್ತಲಾರದೆ, ನವರಾತ್ರಿಯವರೆಗೂ ಹಾಗೆಯೇ ಬಿಟ್ಟ ಮನೆಗಳನ್ನು ನಾನು ಬಲ್ಲೆ. ಅಷ್ಟು ದಿನ ಆ ಮನೆಯ ಅಜ್ಜನಿಗೆ ಕನ್ನಡ ವಾರ್ತೆಯಿಲ್ಲ, ಅಜ್ಜಿಗೆ ಯಕ್ಷಗಾನವಿಲ್ಲ. ಅಂತರಜಾಲದ ಮೂಲಕ ಎಲ್ಲವೂ ದೊರೆಯುತ್ತದೆ ಎನ್ನುವವರು ಗುಡ್ಡದ ಬುಡದ ಮನೆಗಳಲ್ಲಿ ಮೊಬೈಲಿನ ಸ್ಥಿತಿಯನ್ನು ನೋಡಿರಲಾರರು. ಆ ದೋಷಗಳಲ್ಲಿ ಹೆಚ್ಚಿನವು ದೂರದ ಉಪಗ್ರಹದಲ್ಲಿಲ್ಲ, ಬೆಲೆಬಾಳುವ ಟಿ.ವಿ.ಯಲ್ಲಿಯೂ ಇಲ್ಲ, ಡಿಷ್‌ಗೂ ಪೆಟ್ಟಿಗೆಗೂ ನಡುವಿನ ಇಪ್ಪತ್ತು ಮೀಟರಿನೊಳಗೆ ಇವೆ. ಚಿತ್ರ ಯಾವಾಗ ಕೆಡುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನು ಗಮನಿಸಬಲ್ಲ ಗೃಹಸ್ಥನು ರೋಗವನ್ನು ತಾನೇ ಗುರುತಿಸಬಲ್ಲನು.

ಸ್ವಲ್ಪ ಇತಿಹಾಸ

ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯೊಡನೆ ಸಮವೇಗದಲ್ಲಿ ತಿರುಗುವುದರಿಂದ ಆಕಾಶದಲ್ಲಿ ನಿಂತಂತೆಯೇ ಕಾಣುತ್ತದೆ. ಅಂತಹ ಮೂರು ಉಪಗ್ರಹಗಳಿದ್ದರೆ ಭೂಮಿಗೆಲ್ಲ ಪ್ರಸಾರ ಮಾಡಬಹುದೆಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಬರೆದರು. ನಮ್ಮ ಶಾಲೆಯ ಆರಂಭದ ಕಾಲಕ್ಕೆ, ಅಂದರೆ 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲಪಿತು. ಕರ್ನಾಟಕದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಕೋಳಿಗೂಡಿನ ಬಲೆಯಂತಹ ತಂತಿಯಿಂದ ಮಾಡಿದ ಹತ್ತು ಅಡಿಯ ಡಿಷ್‌ಗಳ ಮೂಲಕ ಕನ್ನಡ ಕಾರ್ಯಕ್ರಮಗಳನ್ನು ನೋಡಿದರು. 1983ರಲ್ಲಿ ಇನ್ಸಾಟ್-1ಬಿ ಬಂದಿತು. ಈ ಉಪಗ್ರಹಗಳನ್ನು ನಿಯಂತ್ರಿಸುವ ಪ್ರಧಾನ ಕೇಂದ್ರವು ಹಾಸನದಲ್ಲಿದೆ. 2004ರ ಡಿಸೆಂಬರಿನಲ್ಲಿ ದೂರದರ್ಶನವು ಮಾಸಿಕ ಶುಲ್ಕವಿಲ್ಲದ ನೇರ ಪ್ರಸಾರವನ್ನು ಆರಂಭಿಸಿತು. ಇಂದು ಡಿಡಿ ಫ್ರೀ ಡಿಷ್ ಎಂದು ಕರೆಯಲ್ಪಡುವ ಆ ಸೇವೆಯಲ್ಲಿ ಚಂದನ ವಾಹಿನಿಯೂ ಇದೆ. ಅಡಿಕೆ ಮರದ ಕಂಬಕ್ಕೆ ಮೀನಿನ ಮುಳ್ಳಿನಂತಹ ಆಂಟೆನಾ ಕಟ್ಟಿ ‘ಸ್ವಲ್ಪ ತಿರುಗಿಸು, ಇನ್ನೂ ಸ್ವಲ್ಪ’ ಎಂದು ಕೂಗುತ್ತಿದ್ದ ಕಾಲ ಮುಗಿಯಿತು. ಆ ಆಂಟೆನಾಗಳಿಗೆ ಪ್ರಸಾರ ಮಾಡುತ್ತಿದ್ದ ಹಳೆಯ ಭೂಕೇಂದ್ರಗಳಲ್ಲಿ ಬಹುಪಾಲು 2022ರ ಹೊತ್ತಿಗೆ ಮುಚ್ಚಿವೆ.

ಅಲೆಯು ಮನೆಗೆ ಬರುವ ಬಗೆ

ಉಪಗ್ರಹದಿಂದ ಹೊರಟ ಅಲೆಯು ಸೆಕೆಂಡಿಗೆ ಸುಮಾರು 1,200 ಕೋಟಿ ಸಲ ಕಂಪಿಸುತ್ತದೆ. ಇಷ್ಟು ದೂರ ಬರುವಷ್ಟರಲ್ಲಿ ಅದು ಅತ್ಯಂತ ಕ್ಷೀಣವಾಗಿರುತ್ತದೆ. ಡಿಷ್‌ನ ಕೆಲಸ, ತನ್ನ ಮೇಲೆ ಬಿದ್ದ ಅಲೆಗಳನ್ನು ಕನ್ನಡಿಯಂತೆ ಒಂದೇ ಬಿಂದುವಿಗೆ ಕೂಡಿಸುವುದು. ಆ ಬಿಂದುವಿನಲ್ಲಿ ಕೋಲಿನ ತುದಿಗೆ ಕುಳಿತಿರುವ ಪುಟ್ಟ ಉಪಕರಣವೇ ಎಲ್‌ಎನ್‌ಬಿ. ಅದು ಅಲೆಯನ್ನು ವರ್ಧಿಸಿ, ಕೇಬಲಿನಲ್ಲಿ ಸಾಗಬಲ್ಲ ಕಡಿಮೆ ಕಂಪನಕ್ಕೆ ಇಳಿಸುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತು ಮನೆಯೊಳಗಿನ ಸೆಟ್‌ಟಾಪ್ ಬಾಕ್ಸಿನಿಂದ ಅದೇ ಕೇಬಲಿನ ಮೂಲಕ ಮೇಲಕ್ಕೆ ಹೋಗುತ್ತದೆ. ಒಂದೇ ತಂತಿಯಲ್ಲಿ ವಿದ್ಯುತ್ತು ಮೇಲಕ್ಕೆ, ಚಿತ್ರ ಕೆಳಕ್ಕೆ! ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹಳೆಯ ಪ್ರಸಾರದಲ್ಲಿ ಅಲೆ ದುರ್ಬಲವಾದಂತೆ ಚಿತ್ರದ ಮೇಲೆ ಅಕ್ಕಿ ಚೆಲ್ಲಿದಂತೆ ಚುಕ್ಕೆಗಳು ಮೂಡುತ್ತಿದ್ದವು. ಆದರೂ ಮುಖ ಗುರುತಿಸಬಹುದಿತ್ತು. ಈಗಿನ ಅಂಕೀಯ ಪ್ರಸಾರದ ಸ್ವಭಾವವೇ ಬೇರೆ. ಅಲೆಯ ಗುಣಮಟ್ಟ ಒಂದು ಮಿತಿಯವರೆಗೆ ಇಳಿದರೂ ಚಿತ್ರ ಸ್ವಚ್ಛವಾಗಿಯೇ ಇರುತ್ತದೆ. ಮಿತಿಯ ಬಳಿ ಅದು ಚೌಕ ಚೌಕವಾಗಿ ಒಡೆಯುತ್ತದೆ, ಧ್ವನಿ ತುಂಡಾಗುತ್ತದೆ. ಮಿತಿಯನ್ನು ದಾಟಿದೊಡನೆ ಏನೂ ಇಲ್ಲ. ಆದುದರಿಂದ ‘ನಿನ್ನೆಯವರೆಗೆ ಚೆನ್ನಾಗಿಯೇ ಇತ್ತು, ಇಂದು ಒಮ್ಮೆಲೇ ಹೋಯಿತು’ ಎಂಬ ಮಾತು ನಿಜವಾದರೂ ಪೂರ್ತಿ ನಿಜವಲ್ಲ. ದೋಷವು ತಿಂಗಳುಗಳಿಂದ ಬೆಳೆಯುತ್ತಿದ್ದು ಇಂದು ಅಂಚಿನಿಂದ ಕೆಳಕ್ಕೆ ಬಿದ್ದಿರಬಹುದು.

ಬಾಕ್ಸಿನ ಮೆನುವಿನಲ್ಲಿ ಎರಡು ಪಟ್ಟಿಗಳು ಕಾಣಿಸುತ್ತವೆ: ಸಿಗ್ನಲ್ ಸ್ಟ್ರೆಂತ್ ಮತ್ತು ಸಿಗ್ನಲ್ ಕ್ವಾಲಿಟಿ. ಮೊದಲನೆಯದು ಕೇಬಲಿನಲ್ಲಿ ಬರುತ್ತಿರುವ ಒಟ್ಟು ಶಕ್ತಿಯನ್ನೂ, ಎರಡನೆಯದು ಅದರಲ್ಲಿ ನಮಗೆ ಬೇಕಾದ ಮಾಹಿತಿ ಎಷ್ಟು ಶುದ್ಧವಾಗಿದೆ ಎಂಬುದನ್ನೂ ತಿಳಿಸುತ್ತದೆ. ಎರಡೂ ಸೊನ್ನೆಯಾದರೆ ಕೇಬಲ್ ತುಂಡಾಗಿದೆ, ಕನೆಕ್ಟರ್ ಕಳಚಿದೆ ಅಥವಾ ಎಲ್‌ಎನ್‌ಬಿ ಸತ್ತಿದೆ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆಯಾದರೆ ಎಲ್‌ಎನ್‌ಬಿ ಬದುಕಿದೆ, ಆದರೆ ಡಿಷ್ ಬೇರೆಲ್ಲಿಯೋ ನೋಡುತ್ತಿದೆ ಅಥವಾ ಎದುರಿಗೆ ಏನೋ ಅಡ್ಡ ಬಂದಿದೆ. ಎಲ್ಲವೂ ಸರಿಯಿರುವ ಒಂದು ಶುಭ್ರ ದಿನದಂದು ಈ ಎರಡು ಸಂಖ್ಯೆಗಳನ್ನು ಟಿ.ವಿ.ಯ ಹಿಂಬದಿಯಲ್ಲಿ ಬರೆದಿಡಿರಿ. ಜ್ವರವಿಲ್ಲದಾಗ ಮೈಬಿಸಿ ಎಷ್ಟೆಂದು ತಿಳಿಯದವನಿಗೆ ಥರ್ಮಾಮೀಟರಿನಿಂದ ಏನು ಪ್ರಯೋಜನ?

ದೋಷವೋ, ಪ್ಯಾಕೋ?

ಏಣಿ ತರುವ ಮೊದಲು ಕೇಳಬೇಕಾದ ಪ್ರಶ್ನೆ: ಹೋದುದು ಎಲ್ಲ ವಾಹಿನಿಗಳೋ, ಕೆಲವೋ? ಮಲಯಾಳ ವಾಹಿನಿಗಳೆಲ್ಲ ಬರುತ್ತಿದ್ದು ಕನ್ನಡದವು ಮಾತ್ರ ಇಲ್ಲವಾದರೆ, ಪರದೆಯ ಮೇಲೆ ಚಂದಾ ಇಲ್ಲವೆಂಬ ಸೂಚನೆ ಬಂದಿದ್ದರೆ, ಅದು ಅಲೆಯ ದೋಷವಲ್ಲ. ಮನೆಯ ವಿಳಾಸ ಕೇರಳದಲ್ಲಿರುವ ಕಾರಣಕ್ಕೆ ಕೇರಳದ ಪ್ಯಾಕನ್ನು ಹಾಕಿಕೊಟ್ಟು, ಅದರಲ್ಲಿ ಕನ್ನಡ ವಾಹಿನಿಗಳು ಒಂದೆರಡೇ ಇರುವುದು ನಮ್ಮಲ್ಲಿ ಸಾಮಾನ್ಯ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಜಾರಿಗೆ ತಂದ ದರ ನಿಯಮಗಳ ಪ್ರಕಾರ ಗ್ರಾಹಕನು ಬೇಕಾದ ವಾಹಿನಿಯನ್ನು ಬಿಡಿಯಾಗಿ ಆರಿಸಿಕೊಳ್ಳಬಹುದು. ವಿಳಾಸ ಯಾವ ರಾಜ್ಯದ್ದೆಂಬುದು ಇದಕ್ಕೆ ಅಡ್ಡಿಯಾಗಬೇಕಾಗಿಲ್ಲ. ಕೇಳುವುದಕ್ಕೆ ಸಂಕೋಚಪಟ್ಟು, ಕೊಟ್ಟುದನ್ನೇ ನೋಡುವವರು ನಮ್ಮಲ್ಲಿ ಬಹಳ. ದೂರವಾಣಿಯಲ್ಲಿ ವಾಹಿನಿಗಳ ಹೆಸರನ್ನು ಒಂದೊಂದಾಗಿ ಹೇಳಿ ಸೇರಿಸಿಕೊಳ್ಳಿರಿ. ಶುಲ್ಕವಿಲ್ಲದ ಸೇವೆಯಲ್ಲಾದರೆ ವಾಹಿನಿಗಳ ಸ್ಥಾನ ಆಗಾಗ ಬದಲಾಗುವುದರಿಂದ, ಕಾಣೆಯಾದ ವಾಹಿನಿಯನ್ನು ಹುಡುಕಲು ಬಾಕ್ಸಿನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕು. ಹಳೆಯ ಬಾಕ್ಸು ಎಂಪೆಗ್-2 ಮಾದರಿಯದಾಗಿದ್ದರೆ ಎಂಪೆಗ್-4 ರೀತಿಯಲ್ಲಿ ಪ್ರಸಾರವಾಗುವ ವಾಹಿನಿಗಳು ಅದರಲ್ಲಿ ಎಂದಿಗೂ ಬಾರವು, ಬಾಕ್ಸನ್ನೇ ಬದಲಿಸಬೇಕು.

ವಾಹಿನಿ ಬಂದರೂ ಮಾತು ಬೇರೆ ಭಾಷೆಯಲ್ಲಿದ್ದರೆ ರಿಮೋಟಿನ ಭಾಷೆಯ ಗುಂಡಿಯನ್ನು ಒತ್ತಿ ನೋಡಿರಿ. ಕೆಲವು ವಾಹಿನಿಗಳು ಒಂದೇ ಚಿತ್ರಕ್ಕೆ ಹಲವು ಭಾಷೆಗಳ ಧ್ವನಿಯನ್ನು ಜೋಡಿಸಿ ಕಳುಹಿಸುತ್ತವೆ.

ಸರಿಸುಮಾರು ಅರ್ಧದಷ್ಟು ವಾಹಿನಿಗಳು, ಭಾಷಾಭೇದವಿಲ್ಲದೆ, ಕಾಣೆಯಾಗಿದ್ದರೆ ಅದು ಬೇರೆಯೇ ರೋಗ. ಉಪಗ್ರಹವು ಅಲೆಗಳನ್ನು ಎರಡು ಧ್ರುವೀಕರಣಗಳಲ್ಲಿ, ಅಂದರೆ ಅಡ್ಡವಾಗಿಯೂ ನೆಟ್ಟಗೂ ಕಂಪಿಸುವಂತೆ, ಕಳುಹಿಸುತ್ತದೆ. ಯಾವುದು ಬೇಕೆಂಬುದನ್ನು ಬಾಕ್ಸು ಎಲ್‌ಎನ್‌ಬಿಗೆ ತಿಳಿಸುವುದು 13 ವೋಲ್ಟ್ ಅಥವಾ 18 ವೋಲ್ಟ್ ವಿದ್ಯುತ್ತನ್ನು ಕಳುಹಿಸುವ ಮೂಲಕ. ತುಕ್ಕು ಹಿಡಿದ ಕನೆಕ್ಟರಿನಲ್ಲಿ ವೋಲ್ಟೇಜು ಕುಸಿದರೆ 18ರ ಆಜ್ಞೆ ಮೇಲಕ್ಕೆ ತಲಪುವುದಿಲ್ಲ. ಆ ಗುಂಪಿನ ವಾಹಿನಿಗಳೆಲ್ಲ ಒಟ್ಟಿಗೆ ಮಾಯವಾಗುತ್ತವೆ. ಕೂಡುಕುಟುಂಬದ ಮನೆಗಳಲ್ಲಿ ಒಂದು ಡಿಷ್‌ನ ಕೇಬಲನ್ನು ಸಾಮಾನ್ಯ ಸ್ಪ್ಲಿಟರಿನಿಂದ ಕವಲೊಡೆಸಿ ಎರಡು ಬಾಕ್ಸುಗಳಿಗೆ ಕೊಟ್ಟಾಗಲೂ ಇದೇ ಕಥೆ: ಅಣ್ಣನ ಕೋಣೆಯ ಬಾಕ್ಸು 18 ಕೇಳುತ್ತದೆ, ತಮ್ಮನದು 13 ಕೇಳುತ್ತದೆ, ಎಲ್‌ಎನ್‌ಬಿ ಒಬ್ಬರ ಮಾತನ್ನು ಮಾತ್ರ ಕೇಳಬಲ್ಲುದು. ಎರಡು ಬಾಯಿಗಳಿರುವ ಎಲ್‌ಎನ್‌ಬಿ ಹಾಕಿಸಿ ಎರಡು ಕೇಬಲ್ ಎಳೆಯುವುದೇ ಇದಕ್ಕೆ ಪರಿಹಾರ. ನೂರಾರು ರೂಪಾಯಿಗಳ ಈ ವಸ್ತುವಿನಿಂದ ನಿಲ್ಲುವ ಮನಸ್ತಾಪಗಳು ಹಲವು.

ಮಳೆ ಮತ್ತು ನೀರು

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಮನೆಗಳಿಗೆ ಬರುವ ಈ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಮಳೆಹನಿಯ ಗಾತ್ರ ಇದಕ್ಕೆ ಸಾಕಷ್ಟು ಹತ್ತಿರವಾಗಿರುವುದರಿಂದ ದೊಡ್ಡ ಹನಿಗಳು ಅಲೆಯನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಹಿಂದೆ ಕೇಬಲ್ ನಡೆಸುವವರು ಬಳಸುತ್ತಿದ್ದ ದೊಡ್ಡ ಡಿಷ್‌ಗಳಿಗೆ ಬರುವ ಅಲೆ ಸುಮಾರು ಏಳೆಂಟು ಸೆಂಟಿಮೀಟರಿನದು. ಅದಕ್ಕೆ ಮಳೆಯ ಬಾಧೆ ಅತ್ಯಲ್ಪ. ಜಡಿಮಳೆಯಲ್ಲಿ ಹತ್ತು ನಿಮಿಷ ಚಿತ್ರ ಹೋಗಿ, ಮಳೆ ತಗ್ಗಿದೊಡನೆ ಮರಳಿದರೆ ಅದು ಪ್ರಕೃತಿಯ ನಿಯಮ, ಯಾರನ್ನೂ ಕರೆಯಬೇಕಾಗಿಲ್ಲ. ತುಲಾ ಮಾಸದ ಸಂಜೆಗಳಲ್ಲಿ ನಮ್ಮ ಅಂಗಳ ಒಣಗಿಯೇ ಇರುವಾಗ ಚಿತ್ರ ಹೋಗುವುದುಂಟು. ಉಪಗ್ರಹವಿರುವ ಆಗ್ನೇಯ ದಿಕ್ಕಿನಲ್ಲಿ, ಘಟ್ಟದ ಕಡೆಯಿಂದ ಗುಡುಗಿನ ಮೋಡ ಅಷ್ಟರಲ್ಲಿಯೇ ಮೇಲೇರಿರುತ್ತದೆ. ‘ಟಿ.ವಿ. ನಿಂತಿತು, ಅಡಿಕೆ ಎತ್ತಿರಿ’ ಎನ್ನುವ ಮನೆಯೊಂದನ್ನು ನಾನು ಕಂಡಿದ್ದೇನೆ. ಅವರ ಹವಾಮಾನ ಮುನ್ಸೂಚನೆ ತಪ್ಪಿದುದು ಕಡಿಮೆ.

ಸಣ್ಣ ಮಳೆಗೂ ಚಿತ್ರ ಹೋಗುವುದಾದರೆ ಡಿಷ್‌ನ ಗುರಿ ತುಸು ತಪ್ಪಿದೆ ಎಂದು ತಿಳಿಯಬೇಕು. ಬಿಸಿಲಿನಲ್ಲಿ ಸಾಕಾಗುವ ಅಲೆ ಮಳೆಯ ನಷ್ಟವನ್ನು ತಾಳಲಾರದು. 60 ಸೆಂಟಿಮೀಟರಿನ ಡಿಷ್‌ನ ಬದಲು 90ರದನ್ನು ಇರಿಸಿದರೆ ಅಲೆ ಹಿಡಿಯುವ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ. ದಟ್ಟಮಳೆಯ ಒಳನಾಡಿನಲ್ಲಿರುವವರು ಹೊಸತಾಗಿ ಹಾಕಿಸುವಾಗ ಇದನ್ನು ಆಲೋಚಿಸಬಹುದು.

ಇನ್ನು ಮೂರನೆಯದು, ಎಲ್ಲಕ್ಕಿಂತ ಹೆಚ್ಚಾಗಿ ಕಾಣುವಂಥದು: ಮಳೆ ನಿಂತು ಗಂಟೆಗಳಾದರೂ ಚಿತ್ರ ಬಾರದು, ಎರಡು ದಿನ ಚೆನ್ನಾಗಿ ಬಿಸಿಲು ಕಾದರೆ ತಾನಾಗಿಯೇ ಬರುತ್ತದೆ, ಮತ್ತೆ ಮಳೆಗೆ ಹೋಗುತ್ತದೆ. ಇದು ಆಕಾಶದ ನೀರಲ್ಲ, ಕನೆಕ್ಟರಿನೊಳಗಿನ ನೀರು. ಎಲ್‌ಎನ್‌ಬಿಗೆ ಕೇಬಲ್ ಸೇರುವಲ್ಲಿ ಒಳನುಗ್ಗಿದ ನೀರು ಹೆಣೆದ ಜಾಲರಿಯ ಮೂಲಕ ಕೇಬಲಿನುದ್ದಕ್ಕೂ ಇಳಿಯುತ್ತದೆ. ಬಾಕ್ಸನ್ನು ಮುಖ್ಯ ಸ್ವಿಚ್ಚಿನಲ್ಲಿಯೇ ಆರಿಸಿ ಕನೆಕ್ಟರನ್ನು ಬಿಚ್ಚಿ ನೋಡಿರಿ. ತಾಮ್ರದ ನಡುತಂತಿಗೆ ಹಸಿರು ಕಿಲುಬು, ಜಾಲರಿಗೆ ಬಿಳಿಯ ಪುಡಿ ಹಿಡಿದಿದ್ದರೆ ಕಾರಣ ಸಿಕ್ಕಿತು. ಹೊಳೆಯುವ ತಂತಿ ಕಾಣುವವರೆಗೆ ಒಂದಡಿಯಷ್ಟು ಕೇಬಲನ್ನು ಕತ್ತರಿಸಿ ತೆಗೆದು, ಹೊಸ ಕನೆಕ್ಟರ್ ಹಾಕಬೇಕು. ಜಾಲರಿಯ ಒಂದೇ ಒಂದು ಕೂದಲೆಳೆ ನಡುತಂತಿಗೆ ತಾಗಿದರೂ ಬಾಕ್ಸಿನಿಂದ ಮೇಲಕ್ಕೆ ಹೋಗುವ ವಿದ್ಯುತ್ತು ಅಲ್ಲಿಯೇ ಶಾರ್ಟ್ ಆಗುತ್ತದೆ. ಬಳಿಕ ಕನೆಕ್ಟರನ್ನು ನೀರು ಹೋಗದ ರಬ್ಬರ್ ಟೇಪಿನಿಂದ ಬಿಗಿಯಾಗಿ ಸುತ್ತಿರಿ. ವಿದ್ಯುತ್ ಕೆಲಸದ ಸಾಮಾನ್ಯ ಟೇಪು ಒಂದು ಬೇಸಗೆಯಲ್ಲಿಯೇ ಅಂಟು ಬಿಡುತ್ತದೆ. ಕೇಬಲು ಮನೆಯೊಳಗೆ ಬರುವಲ್ಲಿ ಅದನ್ನು ಒಂದು ಕುಣಿಕೆಯಾಗಿ ಕೆಳಕ್ಕೆ ಇಳಿಬಿಟ್ಟು, ಅನಂತರ ಮೇಲ್ಮುಖವಾಗಿ ಗೋಡೆಯ ತೂತಿಗೆ ಸೇರಿಸಿದರೆ ಹರಿದುಬಂದ ನೀರು ಕುಣಿಕೆಯ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

ಎಲ್‌ಎನ್‌ಬಿಯ ಮುಖಕ್ಕಿರುವ ಪ್ಲಾಸ್ಟಿಕ್ ಮುಚ್ಚಳವನ್ನೂ ನೋಡಬೇಕು. ಬಿಸಿಲಿಗೆ ಅದು ಸೀಳಿದರೆ ಒಳಗೆ ನೀರು, ಕೆಲವೊಮ್ಮೆ ಕಡಜದ ಗೂಡು. ಮಧ್ಯಾಹ್ನದ ಬಿಸಿಗೆ ಕೆಟ್ಟು ರಾತ್ರಿ ಸರಿಯಾಗುವ ಎಲ್‌ಎನ್‌ಬಿಯೂ ಉಂಟು. ಅದಕ್ಕೆ ರಿಪೇರಿಯಿಲ್ಲ, ಬದಲಿಸುವುದೇ ದಾರಿ.

ತೆಂಗು, ಕಂಗು ಮತ್ತು ಡಿಷ್‌ನ ದೃಷ್ಟಿ

ಡಿಡಿ ಫ್ರೀ ಡಿಷ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಕಾಸರಗೋಡಿನಿಂದ ಲೆಕ್ಕ ಹಾಕಿದರೆ ಅದು ಪೂರ್ವದಿಂದ ದಕ್ಷಿಣಕ್ಕೆ ಸುಮಾರು 33 ಡಿಗ್ರಿ ಸರಿದು, ದಿಗಂತದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿ ನಿಂತಿದೆ. ಹೆಚ್ಚುಕಡಿಮೆ ಅಡುಗೆಮನೆಯ ಮೂಲೆಯ ದಿಕ್ಕು ಎಂದರೆ ಹಿರಿಯರಿಗೆ ಬೇಗನೆ ತಿಳಿಯುತ್ತದೆ. ಡಿಷ್ ಮಾತ್ರ ಅಷ್ಟು ಮೇಲಕ್ಕೆ ನೋಡುವಂತೆ ಕಾಣುವುದಿಲ್ಲ. ಅದರ ರಚನೆಯಿಂದಾಗಿ ಅದು ಕಣ್ಣಿಗೆ ತೋರುವುದಕ್ಕಿಂತ 20ರಿಂದ 25 ಡಿಗ್ರಿ ಮೇಲಿನಿಂದ ಅಲೆಯನ್ನು ಹಿಡಿಯುತ್ತದೆ. ಎದುರಿನ ಮರವು ಅಡ್ಡವಲ್ಲವೆಂದು ನಾವು ಭ್ರಮಿಸುವುದು ಇದರಿಂದಲೇ.

ಈ ಲೆಕ್ಕದಿಂದ ಒಂದು ಸರಳ ಸೂತ್ರ ದೊರೆಯುತ್ತದೆ. ಆ ದಿಕ್ಕಿನಲ್ಲಿರುವ ಮರವು ಡಿಷ್‌ಗಿಂತ ಎಷ್ಟು ಎತ್ತರವಿದೆಯೋ ಅದರ ಅರ್ಧದಷ್ಟಾದರೂ ದೂರದಲ್ಲಿರಬೇಕು. ಡಿಷ್‌ನಿಂದ 12 ಮೀಟರ್ ಎತ್ತರಕ್ಕೆ ಹೋದ ತೆಂಗಿನ ಮರ 6 ಮೀಟರಿನೊಳಗಿದ್ದರೆ ಅಡ್ಡ. ಸೋಗೆಗಳು ನಾಲ್ಕು ಮೀಟರ್ ಚಾಚುವುದರಿಂದ ಅದನ್ನೂ ಸೇರಿಸಿ ಅಳೆಯಬೇಕು. ಡಿಷ್ ಹಾಕಿದ ವರ್ಷ ಅಡ್ಡವಿಲ್ಲದ ಮರ ಐದು ವರ್ಷದಲ್ಲಿ ಅಡ್ಡವಾಗುತ್ತದೆ. ಗಾಳಿ ಬೀಸಿದಾಗಲೆಲ್ಲ ಚಿತ್ರ ಒಡೆದು ಮತ್ತೆ ಕೂಡುವುದು, ಒದ್ದೆ ಎಲೆಗಳಿರುವಾಗ ಹೆಚ್ಚು ಒಡೆಯುವುದು ಇದರ ಲಕ್ಷಣ. ಮರ ಕಡಿಯಬೇಕಾಗಿಲ್ಲ, ಡಿಷ್ ಹಗುರವಾದ ವಸ್ತು, ಅದನ್ನೇ ಅಂಗಳದ ಬೇರೆ ಮೂಲೆಗೆ ಒಯ್ಯಬಹುದು. ಎತ್ತರದಲ್ಲಿಯೇ ಇರಬೇಕೆಂಬ ನಿಯಮವಿಲ್ಲ; ಆಕಾಶದ ಆ ಭಾಗ ಕಂಡರೆ ಸಾಕು. ಕೈಗೆಟಕುವಲ್ಲಿದ್ದರೆ ಮಳೆಗಾಲದಲ್ಲಿ ಏಣಿಯ ಕೆಲಸವೂ ಇಲ್ಲ.

ಗಾಳಿಗೆ ಮರವಲ್ಲದೆ ಡಿಷ್ ತಾನೇ ಅಲುಗುವುದೂ ಉಂಟು. 60 ಸೆಂಟಿಮೀಟರಿನ ಡಿಷ್ ಒಂದೂವರೆ ಡಿಗ್ರಿ ತಿರುಗಿದರೆ ಅಲೆಯ ಅರ್ಧಾಂಶ ನಷ್ಟವಾಗುತ್ತದೆ. ಅಂದರೆ ಅದರ ಅಂಚು ಒಂದು ಸೆಂಟಿಮೀಟರಿನಷ್ಟು ಕೂಡ ಸರಿಯಬೇಕಾಗಿಲ್ಲ! ಮಂಗ ಕುಳಿತು ಹೋದರೆ ಸಾಕು. ಕಂಬವು ನೆಟ್ಟಗಿದೆಯೇ, ಬೋಲ್ಟುಗಳು ಬಿಗಿಯಾಗಿವೆಯೇ ನೋಡಿದ ಬಳಿಕ, ಈಗಿನ ಸ್ಥಾನವನ್ನು ಪೆನ್ಸಿಲಿನಿಂದ ಗುರುತಿಸಿಯೇ ಕೈಯಿಡಬೇಕು. ಒಬ್ಬರು ಒಳಗೆ ಕ್ವಾಲಿಟಿಯ ಸಂಖ್ಯೆಯನ್ನು ಮೊಬೈಲಿನಲ್ಲಿ ಹೇಳುತ್ತಿರಲಿ. ಹೊರಗಿರುವವರು ಕೂದಲೆಳೆಯಷ್ಟು ತಿರುಗಿಸಿ ನಾಲ್ಕೈದು ಸೆಕೆಂಡು ಕಾಯಬೇಕು, ಏಕೆಂದರೆ ಬಾಕ್ಸು ಲೆಕ್ಕ ಹಾಕಿ ಸಂಖ್ಯೆ ತೋರಿಸುವುದಕ್ಕೆ ಅಷ್ಟು ಸಮಯ ಬೇಕು. ಅವಸರದಲ್ಲಿ ತಿರುಗಿಸುವವನು ಉಪಗ್ರಹವನ್ನು ಹತ್ತು ಸಲ ದಾಟಿ ಹೋಗುತ್ತಾನೆ.

ಎಲ್ಲಿ ದೋಷವೆಂದು ತಿಳಿಯದಿದ್ದರೆ ನೆರೆಮನೆಯಲ್ಲಿ ಅದೇ ಸಂಸ್ಥೆಯ ಡಿಷ್ ಇದ್ದಲ್ಲಿ ನಮ್ಮ ಬಾಕ್ಸನ್ನು ಅಲ್ಲಿಗೆ ಒಯ್ದು ಜೋಡಿಸಿ ನೋಡುವುದೇ ಅಗ್ಗದ ಪರೀಕ್ಷೆ. ಅಲ್ಲಿ ಚಿತ್ರ ಬಂದರೆ ಬಾಕ್ಸು ನಿರ್ದೋಷಿ.

ಟಿ.ವಿ.ಯ ಬದಿಯ ಕೆಲವು ತೊಂದರೆಗಳನ್ನು ಹೇಳಿಬಿಡುತ್ತೇನೆ. ಪರದೆಯಲ್ಲಿ ಸಿಗ್ನಲ್ ಇಲ್ಲವೆಂದು ಟಿ.ವಿ.ಯೇ ಹೇಳುತ್ತಿದ್ದು ಬಾಕ್ಸಿನ ಮೆನು ಕೂಡ ಕಾಣದಿದ್ದರೆ ಅದು ಇನ್‌ಪುಟ್ ಆಯ್ಕೆಯ ಪ್ರಶ್ನೆ. ಮಕ್ಕಳು ರಿಮೋಟ್ ಒತ್ತಿರುತ್ತಾರೆ. ಚಿತ್ರ ಕಪ್ಪುಬಿಳುಪಾಗಿದ್ದರೆ ಹಳದಿ ಪಿನ್ನು ತಪ್ಪು ತೂತಿನಲ್ಲಿರಬಹುದು. ಮುಖಗಳೆಲ್ಲ ಅಗಲವಾಗಿ ಕಂಡರೆ 4:3ರ ಚಿತ್ರವನ್ನು 16:9ರ ಪರದೆಗೆ ಎಳೆಯಲಾಗಿದೆ. ರಿಮೋಟಿನಲ್ಲಿ ಅಳತೆ ಬದಲಿಸಬಹುದು.

ಸಿಡಿಲಿನ ವಿಷಯದಲ್ಲಿ ಮಾತ್ರ ಲಘುವಾಗಿರಬಾರದು. ಸ್ವಿಚ್ಚು ಆರಿಸಿದರೆ ಸಾಲದು. ವಿದ್ಯುತ್ ಪ್ಲಗ್ಗನ್ನೂ, ಬಾಕ್ಸಿನ ಹಿಂದಿನ ಡಿಷ್ ಕೇಬಲನ್ನೂ ಮೋಡ ಕವಿಯುವ ಮೊದಲೇ ಕಳಚಿಡಬೇಕು. ಗುಡುಗು ಆರಂಭವಾದ ಮೇಲೆ ಅವನ್ನು ಮುಟ್ಟಲೇಬಾರದು. ಒದ್ದೆ ಹಂಚಿನ ಮೇಲೆ ಹತ್ತುವುದು, ವಿದ್ಯುತ್ ತಂತಿಯ ಸಮೀಪ ಕಬ್ಬಿಣದ ಏಣಿ ಎತ್ತುವುದು ಯಾವ ಧಾರಾವಾಹಿಗಾಗಿಯೂ ಮಾಡತಕ್ಕ ಕೆಲಸವಲ್ಲ.

ಕೊನೆಯದಾಗಿ, ಕೈಹಾಕಲೇಬಾರದ ಒಂದು ದೋಷವಿದೆ. ವರ್ಷದಲ್ಲಿ ಎರಡು ಸಲ ಸೂರ್ಯನು ಡಿಷ್‌ನ ದೃಷ್ಟಿಯಲ್ಲಿ ಉಪಗ್ರಹದ ಹಿಂದೆಯೇ ಬಂದು ನಿಲ್ಲುತ್ತಾನೆ. ಸೂರ್ಯನಿಂದ ಹೊರಡುವ ರೇಡಿಯೋ ಅಲೆಗಳ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಮುಳುಗುತ್ತದೆ. ಕಾಸರಗೋಡಿನ ಅಕ್ಷಾಂಶಕ್ಕೆ ಇದು ಮಾರ್ಚ್ ತಿಂಗಳ ನಡುವಿನಲ್ಲಿಯೂ ಸೆಪ್ಟೆಂಬರ್ ಕೊನೆಯಲ್ಲಿಯೂ, ಜಿಸ್ಯಾಟ್-15ರ ಮಟ್ಟಿಗೆ ಬೆಳಗಿನ ಹನ್ನೊಂದು ಗಂಟೆಯ ಆಸುಪಾಸಿನಲ್ಲಿ ಸಂಭವಿಸುತ್ತದೆ. ಕೆಲವು ದಿನಗಳ ಕಾಲ, ದಿನಕ್ಕೆ ಕೆಲವೇ ನಿಮಿಷ, ಶುಭ್ರ ಬಿಸಿಲಿನಲ್ಲಿಯೇ ಚಿತ್ರ ಒಡೆಯಬಹುದು. ಆ ಹೊತ್ತಿಗೆ ಡಿಷ್‌ನ ಬಳಿ ಹೋಗಿ ನೋಡಿದರೆ ಎಲ್‌ಎನ್‌ಬಿಯ ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು ಗುರುತಿಸಿಕೊಳ್ಳಬಹುದು. ಮುಂದೆಂದಾದರೂ ಡಿಷ್ ಅಲುಗಿದೆಯೋ ಎಂಬ ಸಂಶಯ ಬಂದಲ್ಲಿ, ಮರುವರ್ಷ ಅದೇ ತಾರೀಕಿನ ಅದೇ ಹೊತ್ತಿಗೆ ಆ ನೆರಳು ಅದೇ ಜಾಗದಲ್ಲಿ ಬೀಳುವುದೇ ಎಂದು ನೋಡಿದರೆ ಸಾಕು.